ಬೀದಿದೀಪ, ಕೆರೆ ಏರಿ, ಪಾರ್ಕಿಂಗ್: ಮೂರನ್ನೂ ಒಂದೇ ಠರಾವಿನಲ್ಲಿ ಪಾಸ್ ಮಾಡಿಸಿದ ನನ್ನ ಅನುಭವ

ನಮ್ಮ ಪುರಸಭೆಯ ನಡವಳಿ ಪುಸ್ತಕದಲ್ಲಿ ಮೂರು ವಿಷಯಗಳು ವರ್ಷಗಟ್ಟಲೆ ಒಂದೇ ಷರಾ ಹೊತ್ತುಕೊಂಡು ಬರುತ್ತಿದ್ದವು: ‘ಚರ್ಚಿಸಿ ಮುಂದಿನ ಸಭೆಗೆ ಮುಂದೂಡಲಾಗಿದೆ’. ಬೀದಿದೀಪದ ಬಿಲ್ಲು, ಕೆರೆ ಏರಿ ಮೇಲಿನ ವಾಕಿಂಗ್ ಪಾತ್, ಪೇಟೆ ಬೀದಿಯ ಪಾರ್ಕಿಂಗ್. ಈಗ ಮೂರೂ ಆಗಿವೆ. ಪಕ್ಕದ ತಾಲ್ಲೂಕಿನ ಸದಸ್ಯರು ಬಂದು ನೋಡಿಕೊಂಡು ಹೋದರು, ಫೋನು ಮಾಡಿ ಕೇಳುವವರೂ ಇದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನ್ನಿಸಿತು. ಕ್ರಿಯಾಯೋಜನೆ, ಅಂದಾಜು ಪಟ್ಟಿ, ಟೆಂಡರ್ ಇವೆಲ್ಲ ಓದುವವರಿಗೆ ಗೊತ್ತಿರುವುದೇ. ಅಂಕಿಗಳು ನೆನಪಿನಿಂದ ಹೇಳುತ್ತಿರುವುದು, ಸ್ವಲ್ಪ ಹೆಚ್ಚುಕಡಿಮೆ ಇದ್ದೀತು.

ಒಂದೊಂದಾಗಿ ತಂದಿದ್ದರೆ ಇವು ಇನ್ನೂ ಹತ್ತು ವರ್ಷ ಹೋದರೂ ಪಾಸಾಗುತ್ತಿರಲಿಲ್ಲ. ಅಂಗಡಿಯವರ ಗಾಡಿಗಳನ್ನು ಏರಿ ಬುಡದ ಹಳೇ ಬಸ್‌ಸ್ಟ್ಯಾಂಡ್ ಜಾಗಕ್ಕೆ ಕಳಿಸೋಣ ಅಂದರೆ, ‘ರಾತ್ರಿ ಗಲ್ಲಾಪೆಟ್ಟಿಗೆ ದುಡ್ಡು ಹಿಡ್ಕೊಂಡು ಆ ಕತ್ತಲಲ್ಲಿ ಹೋಗೋದು ಹೆಂಗೆ’ ಅನ್ನುತ್ತಿದ್ದರು. ಏರಿ ಮೇಲೆ ದಾರಿ ಮಾಡಿ ದೀಪ ಹಾಕೋಣ ಅಂದರೆ ದುಡ್ಡಿಲ್ಲ. ದುಡ್ಡು ಹೋಗುತ್ತಿದ್ದದ್ದು ಕರೆಂಟ್ ಬಿಲ್ಲಿಗೆ. ಬಿಲ್ಲು ಇಳಿಸೋಣ ಅಂದರೆ, ‘ಅದು ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ವಿದ್ಯುತ್ ಅನುದಾನದಲ್ಲಿ ಹೋಗುತ್ತೆ, ನಮಗೇನು’ ಎಂಬ ಉತ್ತರ. ಮೂರೂ ಒಂದಕ್ಕೊಂದು ಕಾಯುತ್ತಾ ಕೂತಿದ್ದವು. ಮೂರನ್ನೂ ಒಂದೇ ಠರಾವಿಗೆ ಹಾಕುತ್ತೇನೆ ಅಂದಾಗ ನಾಲ್ಕು ಅವಧಿ ಗೆದ್ದ ಹಿರಿಯ ಸದಸ್ಯರೊಬ್ಬರು, ‘ಅಕ್ಕಾವ್ರೇ, ಒಂದಕ್ಕೆ ವಿರೋಧ ಬಂದ್ರೆ ಮೂರೂ ಬಿದ್ದೋಗ್ತವೆ, ಸುಮ್ನಿರಿ’ ಅಂದರು. ಮುಖ್ಯಾಧಿಕಾರಿಗಳಿಗೂ ಮನಸ್ಸಿರಲಿಲ್ಲ.

ಮೊದಲು ಬಿಲ್ಲಿನ ಕಥೆ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಅನುದಾನದಿಂದ ಹೋಗುತ್ತದೆ ಅನ್ನುವುದು ಅರ್ಧ ಸತ್ಯ. ಅನುದಾನ ಸಾಲದಾದ ತಿಂಗಳಲ್ಲಿ ಬಾಕಿ ಬೆಳೆಯುತ್ತದೆ. ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಕಡೆಯಿಂದ ನೋಟಿಸ್ ಬಂದ ಮೇಲೆ ಪುರಸಭೆ ನಿಧಿಯಿಂದ, ಅಂದರೆ ಮನೆ ಕಂದಾಯದ ದುಡ್ಡಿನಿಂದ, ಕಟ್ಟುತ್ತೇವೆ. ನಮ್ಮಲ್ಲಿ ಹೀಗೆ ವರ್ಷಕ್ಕೆ ಹನ್ನೆರಡು ಹದಿಮೂರು ಲಕ್ಷ ಹೋಗುತ್ತಿತ್ತು. ಈ ಮೊತ್ತ ಯಾವ ಸಭೆಯಲ್ಲೂ ಒಟ್ಟಾಗಿ ಕಣ್ಣಿಗೆ ಬಿದ್ದಿರಲಿಲ್ಲ, ಎಲ್ಲ ಚೂರುಚೂರಾಗಿ ಬೇರೆ ಬೇರೆ ವೋಚರುಗಳಲ್ಲಿ ಇತ್ತು. ನಾನು ಮೊದಲು ಎಲ್‌ಐಸಿ ಏಜೆನ್ಸಿ ಮಾಡುತ್ತಿದ್ದವಳು, ಲೆಡ್ಜರ್ ಅಂದರೆ ಬೇಸರವಿಲ್ಲ. ಮೂರು ವರ್ಷದ ವೋಚರು ಕೂಡಿಸಿ ಒಂದೇ ಹಾಳೆಗೆ ಇಳಿಸಿದೆ.

ಆಮೇಲೆ ಆರ್‌ಆರ್ ನಂಬರುಗಳ (ಪ್ರತಿ ವಿದ್ಯುತ್ ಸಂಪರ್ಕದ ಗುರುತಿನ ನಂಬರು) ಪಟ್ಟಿ ಹಿಡಿದು ಲೈನ್‌ಮನ್ ಅಣ್ಣನ ಜೊತೆ ಬೀದಿ ಬೀದಿ ತಿರುಗಿದೆ. ಪ್ರತಿ ನಂಬರಿನ ಮುಂದೆ ಯಾವ ಮೀಟರ್ ಪೆಟ್ಟಿಗೆ, ಅದರಲ್ಲಿ ಯಾವ ಯಾವ ಕಂಬ, ಮೀಟರ್ ಓಡುತ್ತಿದೆಯೋ ಇಲ್ಲವೋ ಎಂದು ಬರೆದುಕೊಂಡೆವು. ಇದು ಮಾಡಬೇಕಾದ ಕೆಲಸ ಅಂತ ಎಲ್ಲರಿಗೂ ಗೊತ್ತು, ಮಾಡಿದವರು ಕಡಿಮೆ. ಬತ್ತಿಹೋಗಿ ಮೋಟಾರನ್ನೇ ಎತ್ತಿದ್ದ ಬೋರ್‌ವೆಲ್‌ಗಳಿಗೆ ಎಚ್‌ಪಿ ಲೆಕ್ಕದ ನಿಗದಿತ ಶುಲ್ಕ ಇನ್ನೂ ಬೀಳುತ್ತಿತ್ತು. ಎಂಎನ್‌ಆರ್ (ಮೀಟರ್ ಓಡುತ್ತಿಲ್ಲ) ಅಂತ ಬರೆದು ಸರಾಸರಿ ಬಿಲ್ಲು ಹಾಕುತ್ತಿದ್ದ ಮೀಟರುಗಳಿದ್ದವು, ಅವುಗಳ ಸರಾಸರಿ ಯಾವ ಕಾಲದ್ದೋ. ಇನ್ನು ಎರಡು ಬಡಾವಣೆಗಳಲ್ಲಿ ಬೀದಿದೀಪಕ್ಕೆ ಬೇರೆ ತಂತಿಯನ್ನೇ ಎಳೆದಿರಲಿಲ್ಲ, ದೀಪಗಳು ಮನೆ ಲೈನಿಗೇ ಕಚ್ಚಿಕೊಂಡು ಹಗಲೂ ರಾತ್ರಿ ಉರಿಯುತ್ತಿದ್ದವು. 250 ವ್ಯಾಟಿನ ಒಂದು ಸೋಡಿಯಂ ದೀಪ ಚೋಕು ಸೇರಿ 280 ವ್ಯಾಟ್ ಎಳೆಯುತ್ತದೆ. ಹಗಲಿಡೀ ಉರಿದರೆ ತಿಂಗಳಿಗೆ ನೂರು ಯುನಿಟ್ ದಂಡ. ಅಂಥವು ಹೈಮಾಸ್ಟ್ ಕಂಬದಲ್ಲೇ ಆರು ಇದ್ದವು, ಟೈಮರ್ ಸುಟ್ಟು ಯಾವ ಕಾಲವಾಗಿತ್ತೋ.

ಒಂದೇ ಒಂದು ಬಲ್ಬ್ ಕೊಳ್ಳದೆ, ಸತ್ತ ಕನೆಕ್ಷನ್ ವಾಪಸ್ ಕೊಟ್ಟು, ಮೀಟರ್ ಬದಲಿಸಿ, ಟೈಮರ್ ಹಾಕಿ, ತಂತಿ ಎಳೆಸಿ, ತಿಂಗಳಿಗೆ ಎಪ್ಪತ್ತು ಸಾವಿರದ ಹತ್ತಿರ ಉಳಿಯಿತು. ಅಲ್ಲಿಯವರೆಗೆ ನಕ್ಕವರೆಲ್ಲ ಆ ತಿಂಗಳ ಬಿಲ್ಲು ಕೈಗೆ ಬಂದ ಮೇಲೆ ಸುಮ್ಮನಾದರು.

ಎಲ್‌ಇಡಿ ವಿಷಯಕ್ಕೆ ಬಂದಾಗ ಜಗಳ ಶುರು. ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಇಂಥದ್ದಕ್ಕೇ ಬಳಸಬೇಕೆಂಬ ನಿರ್ಬಂಧವಿಲ್ಲದ ಪಾಲಿನಿಂದ ಹದಿನೇಳು ಲಕ್ಷದಷ್ಟು ಇಟ್ಟಿದ್ದೆವು. ಪ್ರತಿ ಸದಸ್ಯರಿಗೂ ತಮ್ಮ ವಾರ್ಡಿಗೆ ಇಷ್ಟು ದೀಪ ಬೇಕು. ಹಿಂದೆ ಹಾಗೇ ಮಾಡಿ ಕೆಟ್ಟದ್ದು: ಎಲ್ಲ ವಾರ್ಡಿಗೂ ಹತ್ತೋ ಇಪ್ಪತ್ತೋ ಹಂಚಿದ್ದರು, ಬಿಲ್ಲು ಒಂದು ರೂಪಾಯಿಯೂ ಇಳಿದಂತೆ ಕಾಣಲಿಲ್ಲ. ಆಗ ದರಪಟ್ಟಿಯಲ್ಲಿ ಎಲ್‌ಟಿ-6 ಎಂಬ ವರ್ಗದಲ್ಲಿ ಸಾಮಾನ್ಯ ಬೀದಿದೀಪಕ್ಕೆ ಒಂದು ದರ, ಎಲ್‌ಇಡಿಗೆ ಯುನಿಟ್‌ಗೆ ಹೆಚ್ಚುಕಡಿಮೆ ಒಂದು ರೂಪಾಯಿ ಕಡಿಮೆ ಇನ್ನೊಂದು ದರ ಇತ್ತು. ಒಂದೇ ಮೀಟರಿನ ಕೆಳಗೆ ಹಳೇ ಟ್ಯೂಬು, ಹೊಸ ಎಲ್‌ಇಡಿ ಬೆರೆತರೆ ಆ ಕಡಿಮೆ ದರ ಸಿಗುತ್ತಿರಲಿಲ್ಲ. ಅದಕ್ಕೆ ವಾರ್ಡ್ ಲೆಕ್ಕ ಬಿಟ್ಟು ಮೀಟರ್ ಲೆಕ್ಕ ಹಿಡಿದೆ. ಒಂದು ಪೆಟ್ಟಿಗೆಯ ಕೆಳಗಿನ ಎಲ್ಲ ಕಂಬ ಮುಗಿಸಿದ ಮೇಲೇ ಮುಂದಿನ ಪೆಟ್ಟಿಗೆ. 40 ವ್ಯಾಟಿನ ಟ್ಯೂಬು ಚೋಕು ಸೇರಿ 52 ಎಳೆಯುತ್ತಿದ್ದ ಕಡೆ 20 ವ್ಯಾಟ್, 150ರ ಸೋಡಿಯಂ ಇದ್ದ ಕಡೆ 70 ವ್ಯಾಟ್. ಯಾವ ಪೆಟ್ಟಿಗೆ ಮೊದಲು ಎಂಬುದಕ್ಕೆ ಇಪ್ಪತ್ತಮೂರು ಸದಸ್ಯರನ್ನು ಒಪ್ಪಿಸಲು ಒಂದು ಉಪಾಯ ಮಾಡಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೂ ಅರ್ಧ ಊರು ಬಾಕಿ ಇದೆ, ಆ ಉಪಾಯ ಮತ್ತೆ ಬೇಕಾಗುತ್ತದೆ. ತಿಂಗಳಿಗೆ ನಾಲ್ಕು ಲಕ್ಷ ಮುಟ್ಟುತ್ತಿದ್ದ ಬೀದಿದೀಪದ ಬಿಲ್ಲು ಈಗ ಎರಡು ಲಕ್ಷದ ಮೇಲೆ ಸ್ವಲ್ಪ. ನಿಧಿಯಿಂದ ಸೋರುತ್ತಿದ್ದ ದುಡ್ಡು ನಿಂತಿತು. ಅನುದಾನದ ಉಳಿತಾಯವನ್ನು ಬೇರೆ ಕೆಲಸಕ್ಕೆ ಮುಟ್ಟುವ ಹಾಗಿಲ್ಲ, ನಿಧಿಯದ್ದನ್ನು ಮುಟ್ಟಬಹುದು. ಈ ವ್ಯತ್ಯಾಸವನ್ನು ಸಭೆಗೆ ಬಿಡಿಸಿ ಹೇಳಿದ ಮೇಲೆ ದಾರಿ ತೆರೆಯಿತು.

ಕೆರೆ ಏರಿಗೆ ಹಿಂದೆ ಒಂದು ಅಂದಾಜು ಪಟ್ಟಿ ಆಗಿತ್ತು, ಅರವತ್ತು ಲಕ್ಷದ ಮೇಲೆ. ಪೇವರ್ ಬ್ಲಾಕ್, ಅಲಂಕಾರದ ದೀಪ, ಸಾಲು ಮರ, ಕಮಾನು. ನಮ್ಮ ಕೆರೆಯ ಅಚ್ಚುಕಟ್ಟು (ಅದರ ನೀರುಣ್ಣುವ ಜಮೀನು) ನಲವತ್ತು ಹೆಕ್ಟೇರಿಗಿಂತ ಹೆಚ್ಚು, ಹಾಗಾಗಿ ಕೆರೆ ಸಣ್ಣ ನೀರಾವರಿ ಇಲಾಖೆಯದ್ದು. ಅವರ ಒಪ್ಪಿಗೆ ಇಲ್ಲದೆ ಗುದ್ದಲಿ ಹಾಕುವಂತಿಲ್ಲ. ಅವರು ಆ ಪಟ್ಟಿ ವಾಪಸ್ ಕಳಿಸಿದ್ದು ನ್ಯಾಯವಾಗಿಯೇ ಇತ್ತು. ಮಣ್ಣಿನ ಏರಿ ಮೇಲೆ ಮರ ನೆಟ್ಟರೆ ಬೇರು ಇಳಿದ ದಾರಿಯಲ್ಲೇ ನೀರು ಜಿನುಗುತ್ತದೆ. ಏರಿ ಕುಸಿದಲ್ಲೆಲ್ಲ ಪೇವರ್ ಹಲ್ಲು ಬಿದ್ದ ಬಾಯಿಯ ಹಾಗಾಗುತ್ತದೆ. ನಾವು ಕೊಟ್ಟ ಹೊಸ ಪಟ್ಟಿ ಒಂಬತ್ತು ಲಕ್ಷದ್ದು: ಆರಡಿ ಅಗಲ ಮೊರಂ (ಗರಸು ಮಣ್ಣು) ಹಾಸಿ ರೋಲರ್ ಹೊಡೆಯುವುದು, ಎರಡೂ ಅಂಚಿಗೆ ಸೈಜುಗಲ್ಲು, ಮರವಿಲ್ಲ, ಕಮಾನಿಲ್ಲ. ಬೈಕುಗಳು ನುಗ್ಗದಂತೆ ಎರಡು ತುದಿಗೂ ಸುತ್ತಿ ಬರುವ ಕಬ್ಬಿಣದ ಗೇಟು. ಗಾಲಿಕುರ್ಚಿಯವರಿಗಾಗಿ ಪಕ್ಕದಲ್ಲಿ ಬೀಗ ಹಾಕಿದ ಬಾಗಿಲು, ಅದರ ಕೀಲಿ ತೂಬಿನ ಹತ್ತಿರದ ಟೀ ಅಂಗಡಿಯಲ್ಲಿ. ಕೋಡಿ ಬಿದ್ದ ದಿನ ಆ ತುದಿ ಮುಚ್ಚುತ್ತೇವೆ.

ದೀಪದ್ದೇ ತಲೆನೋವಾಗಿತ್ತು. ಮೊದಲು ಸೋಲಾರ್ ಪ್ರಯೋಗ ಮಾಡಿದೆವು, ದಾನಿಗಳು ಕೊಟ್ಟ ಕೆಲವು ಕಂಬಗಳು. ಬ್ಯಾಟರಿ ಬುಡದ ಪೆಟ್ಟಿಗೆಯಲ್ಲಿತ್ತು, ತಿಂಗಳೊಳಗೆ ಕಳವಾಯಿತು. ಬ್ಯಾಟರಿಯನ್ನು ತುದಿಗೆ ಏರಿಸಿದ ಮಾದರಿ ತರಿಸಿದರೆ, ಮಳೆಗಾಲದ ಮೋಡದ ವಾರಗಳಲ್ಲಿ ರಾತ್ರಿ ಹತ್ತಕ್ಕೇ ಕಣ್ಣು ಮುಚ್ಚುತ್ತಿದ್ದವು. ಅಂಗಡಿಯವರು ಮನೆಗೆ ಹೊರಡುವುದೇ ಆ ಹೊತ್ತಿಗೆ. ಸೋಲಾರ್ ಎಲ್ಲ ಕಡೆ ಬೇಡ ಅನ್ನುತ್ತಿಲ್ಲ, ನಮ್ಮ ಸ್ಮಶಾನದ ದಾರಿಯಲ್ಲಿ ಅದೇ ಕಂಬಗಳು ಈಗ ಚೆನ್ನಾಗಿ ನಡೆಯುತ್ತಿವೆ. ಏರಿಗೆ ಮಾತ್ರ ಹಳೇ ಬಸ್‌ಸ್ಟ್ಯಾಂಡ್ ಮೀಟರಿನಿಂದ ಎಬಿ ಕೇಬಲ್ (ಕಂಬದಿಂದ ಕಂಬಕ್ಕೆ ಎಳೆಯುವ ಹೊದಿಕೆ ತಂತಿ) ಎಳೆದೆವು, ಏರಿಯ ಹೊರಬದಿಯ ಕಂಬಗಳ ಮೇಲೆ, ಏರಿ ಅಗೆಯದೆ. ಹನ್ನೆರಡಡಿ ಎತ್ತರ, 15 ವ್ಯಾಟಿನ ಹಳದಿ ಬೆಳಕು, ಮುಖ ಕೆಳಗೆ. ಮೊದಲ ದೀಪವನ್ನು ನೀರಿನ ಕಡೆ ತಿರುಗಿಸಿದ್ದಾಗ ಹುಳು ಮುತ್ತಿ ನಡೆಯುವವರ ಮುಖಕ್ಕೆಲ್ಲ ಬಡಿಯುತ್ತಿದ್ದವು. ದಾರಿಯ ಕಡೆಗೆ ಬಗ್ಗಿಸಿದ ಮೇಲೆ ಆ ದೂರು ಬಹಳ ಕಡಿಮೆ. ಇಡೀ ಏರಿ ಒಂದೂವರೆ ಕಿಲೋಮೀಟರ್, ಬೆಳಕು ಹಾಕಿದ್ದು ಬಸ್‌ಸ್ಟ್ಯಾಂಡಿನಿಂದ ಪೇಟೆ ಮೆಟ್ಟಿಲವರೆಗಿನ ನಾನೂರು ಮೀಟರಿಗೆ ಮಾತ್ರ. ಉಳಿದದ್ದು ಕತ್ತಲಾಗಿಯೇ ಇರಲಿ ಎಂದು ನಾನೇ ಹಟ ಹಿಡಿದೆ, ಅಲ್ಲಿ ಹಕ್ಕಿಗಳು ಕೂರುತ್ತವೆ.

ಪಾರ್ಕಿಂಗ್‌ನಲ್ಲಿ ಹಿಂದೆ ಸೋತದ್ದಕ್ಕೆ ಕಾರಣ ಸರಳ. ಪುರಸಭೆ ಠರಾವು ಮಾಡಿ ಬೋರ್ಡ್ ನೆಟ್ಟಿತ್ತು, ಪೊಲೀಸರು ದಂಡ ಹಾಕಲಿಲ್ಲ. ಹಾಕಲು ಅವರಿಗೆ ಆಧಾರವೇ ಇರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಕಲಂ 115, 117ರ ಕೆಳಗೆ ಜಿಲ್ಲಾಧಿಕಾರಿಗಳ ಅಧಿಸೂಚನೆ ಬೇಕು, ಅದಕ್ಕೆ ಪೊಲೀಸ್ ವರದಿಯೂ ಬೇಕು. ಈ ಸಲ ಠರಾವಿನಲ್ಲೇ ಆ ಪ್ರಸ್ತಾವನೆ ಕಳಿಸುವ ಸಾಲು ಸೇರಿಸಿದೆವು. ಆದರೂ ಅಧಿಸೂಚನೆ ಕೈಗೆ ಬರಲು ತಿಂಗಳುಗಳೇ ಹಿಡಿದವು.

ಆ ಕಾಯುವ ಕಾಲ ವ್ಯರ್ಥವಾಗಲಿಲ್ಲ. ಕಾಲೇಜು ಹುಡುಗರನ್ನು ಕೂರಿಸಿ ಅರ್ಧ ಗಂಟೆಗೊಮ್ಮೆ ನಿಂತ ಗಾಡಿಗಳ ಕೊನೆಯ ನಾಲ್ಕು ಅಂಕಿ ಬರೆಸಿದೆ. ಜಾಮ್‌ಗೆ ಎಲ್ಲರೂ ಬೈಯುತ್ತಿದ್ದದ್ದು ಹಣ್ಣಿನ ಗಾಡಿಯವರನ್ನು. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂದ ಮೇಲೆ ಅವರನ್ನು ಸುಮ್ಮನೆ ಎಬ್ಬಿಸುವ ಹಾಗಿಲ್ಲ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಅವರದ್ದೇ ಶೇಕಡಾ 40ರಷ್ಟು ಪ್ರತಿನಿಧಿಗಳಿರುತ್ತಾರೆ. ಎಣಿಸಿದಾಗ ಹೊರಬಂದದ್ದು ಬೇರೆಯೇ. ಬೀದಿಯಲ್ಲಿ ಒಂದು ಹೊತ್ತಿಗೆ ನೂರಾನಲವತ್ತು ಬೈಕು ಇದ್ದರೆ ಅರ್ಧದಷ್ಟು ಅಂಗಡಿಯವರದ್ದು, ಕೆಲಸದ ಹುಡುಗರದ್ದು. ಬೆಳಿಗ್ಗೆ ಶಟರ್ ಎತ್ತುವಾಗ ನಿಂತದ್ದು ರಾತ್ರಿ ಶಟರ್ ಎಳೆಯುವವರೆಗೆ ಅಲ್ಲಾಡುತ್ತಿರಲಿಲ್ಲ. ಗಿರಾಕಿ ಗಾಡಿ ನಿಲ್ಲಿಸಲು ಜಾಗವಿಲ್ಲದೆ ಸುತ್ತುತ್ತಿದ್ದ. ಆ ಹಾಳೆಯನ್ನು ವರ್ತಕರ ಸಂಘದ ಮುಂದಿಟ್ಟೆ. ಹಾಳೆ ನೋಡಿದ ಮೇಲೂ ಒಪ್ಪದವರನ್ನು ಹೇಗೆ ಒಪ್ಪಿಸಿದೆ ಎಂಬುದು ನನ್ನ ಹತ್ತಿರವೇ ಇರಲಿ.

ಗೆರೆ ಹಾಕುವುದರಲ್ಲಿ ಒಂದು ಪ್ರಯೋಗ ನಡೆಯಿತು. ಬೈಕನ್ನು ಓರೆಯಾಗಿ ನಿಲ್ಲಿಸಿದರೆ ರಸ್ತೆ ಉಳಿಯುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ಬೆಳಗಿನ ಜಾವ ದಾರ ಹಿಡಿದು ಸುಣ್ಣದ ಪುಡಿಯಲ್ಲಿ ಎರಡೂ ಬಗೆ ಗೆರೆ ಹಾಕಿಸಿ ಟೇಪು ಹಿಡಿದೆ. ಬೈಕಿನ ಉದ್ದ ಆರೂವರೆ ಅಡಿ. 45 ಡಿಗ್ರಿ ಓರೆಗೆ ನಿಲ್ಲಿಸಿದರೂ ಹ್ಯಾಂಡಲ್ ಅಗಲ ಸೇರಿ ರಸ್ತೆಗೆ ಬರುವುದು ಹತ್ತಿರತ್ತಿರ ಅಷ್ಟೇ. ನೂರಡಿ ಉದ್ದದಲ್ಲಿ ನೇರ ನಿಲ್ಲಿಸಿದರೆ ಮೂವತ್ತಮೂರು ಬೈಕು, ಓರೆಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಓರೆಯಲ್ಲಿ ತೆಗೆಯುವುದು ಸಲೀಸು, ಅಷ್ಟೇ ಲಾಭ. ನಾವು ನೇರವನ್ನೇ ಇಟ್ಟುಕೊಂಡೆವು, ಒಂದೇ ಬದಿಗೆ, ತಾರೀಖಿನ ಸಮ-ಬೆಸ ನೋಡಿ ಬದಿ ಬದಲು. ಸುಣ್ಣದ ಗೆರೆಯ ಇನ್ನೊಂದು ಅನುಕೂಲ: ಹೇಗೂ ಮಳೆಗೆ ಅಳಿಸಿಹೋಗುವುದರಿಂದ ಯಾರೂ ಜಗಳಕ್ಕೆ ಬರುವುದಿಲ್ಲ. ಬಟ್ಟೆ ಅಂಗಡಿ ತಿರುವಿನಲ್ಲಿ ಗೆರೆ ಹಲವು ಸಲ ಸರಿಸಿದೆವು, ಕೂಡಿಬಂದ ಮೇಲೇ ಬಣ್ಣ. ಸಂತೆ ದಿನಕ್ಕೆ ಇದ್ಯಾವುದೂ ನಡೆಯಲಿಲ್ಲ, ಆ ದಿನ ಬೀದಿಗೆ ಗಾಡಿಯನ್ನೇ ಬಿಡುವುದಿಲ್ಲ. ಸರಕಿನ ಆಟೋ ಬೆಳಿಗ್ಗೆ ಹತ್ತರೊಳಗೆ ಬಂದು ಹೋಗಬೇಕು. ಬಸ್‌ಸ್ಟ್ಯಾಂಡ್ ಜಾಗಕ್ಕೆ ತಗಡಿನ ನೆರಳು, ಕಾವಲುಗಾರ, ಗೆರೆ ಎಲ್ಲ ಸೇರಿ ಮೂರು ಲಕ್ಷ ಚಿಲ್ಲರೆ. ತಗಡು ಹಾಕದೆ ಹೋಗಿದ್ದರೆ ಯಾರೂ ಬರುತ್ತಿರಲಿಲ್ಲ, ಬೇಸಿಗೆಯಲ್ಲಿ ಸೀಟು ಮುಟ್ಟಲಾಗದಷ್ಟು ಕಾಯುತ್ತದೆ.

ಸಭೆಯ ದಿನ ಠರಾವು ಹೀಗಿತ್ತು: ಮೊದಲು ಬಿಲ್ಲಿನ ಉಳಿತಾಯ ಎರಡು ತಿಂಗಳು ಖಾತೆಯಲ್ಲಿ ಕಾಣಬೇಕು, ಆಮೇಲೆ ಏರಿ ದಾರಿಯ ಟೆಂಡರ್, ದೀಪ ಹೊತ್ತಿದ ಮೇಲೆ ಪಾರ್ಕಿಂಗ್ ಜಾರಿ. ಒಂದು ಮುಗಿಯದೆ ಇನ್ನೊಂದಕ್ಕೆ ಕೈ ಹಾಕುವಂತಿಲ್ಲ. ಈ ಕ್ರಮ ಬರೆದದ್ದರಿಂದಲೇ ವಿರೋಧ ಕರಗಿತು. ಪಾರ್ಕಿಂಗ್ ಬೇಡ ಎನ್ನುವವರಿಗೆ ಅದು ಕೊನೆಗಿತ್ತು, ದುಡ್ಡಿಲ್ಲ ಎನ್ನುವವರಿಗೆ ದುಡ್ಡು ಮೊದಲಿತ್ತು. ಒಬ್ಬರು ಭಿನ್ನಮತ ದಾಖಲಿಸಿದರು, ಉಳಿದವರು ಒಪ್ಪಿದರು. ಬೇಡ ಅಂದಿದ್ದ ಆ ಹಿರಿಯರೇ ಅನುಮೋದಿಸಿದರು, ನನಗೆ ಅದು ದೊಡ್ಡ ಗೆಲುವು.

ಎಲ್ಲ ಸರಿಯಾಗಿದೆ ಅಂತಲ್ಲ. ರಾತ್ರಿ ಕಾವಲುಗಾರರ ಸಂಬಳ ಹೊರಗುತ್ತಿಗೆ ಲೆಕ್ಕದಲ್ಲಿ ಎರಡು ಸಲ ತಡವಾಗಿ ಅವರು ಬಿಟ್ಟು ಹೋದರು, ಆ ವಾರ ಬೈಕುಗಳೆಲ್ಲ ಮತ್ತೆ ಬೀದಿಗೆ ಬಂದವು. ಈಗ ಆ ಸಂಬಳವನ್ನು ಸಂತೆ ಸುಂಕದ ಹರಾಜಿನ ಹಣಕ್ಕೆ ಜೋಡಿಸಿದ್ದೇವೆ.

ಸದ್ಯ ಕೈ ಹಾಕಿರುವುದು ಪಂಪ್‌ಹೌಸಿಗೆ. ಮೋಟಾರುಗಳ ಕೆಪಾಸಿಟರ್ ಸತ್ತು ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಪಾಲು) 0.85ಕ್ಕಿಂತ ಕೆಳಗಿಳಿದಿತ್ತು, ಪ್ರತಿ ಬಿಲ್ಲಿನಲ್ಲೂ ಅದರ ದಂಡದ ಸಾಲು ಇತ್ತು. ಹೊಸ ಕೆಪಾಸಿಟರ್ ಹೋದ ವಾರ ಕೂರಿಸಿದರು. ಮೊದಲ ಬಿಲ್ಲು ಬಂದ ಮೇಲೆ ಅದರ ಲೆಕ್ಕ ಬರೆಯುತ್ತೇನೆ.