ಅದಿರಿನ ಧೂಳಿಗೆ ಒಗ್ಗಿಸಿದ ರೋಡ್‌ಕಿಂಗ್: ನನ್ನ ಅನುಭವ

ನಮ್ಮ ತಂದೆಯವರು 1982ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್ ಮೋಟಾರ್‌ಸೈಕಲ್, ಅವರು ಸಂಡೂರು ತಾಲ್ಲೂಕಿನ ಶಾಲೆಗಳಲ್ಲಿ ಮೇಷ್ಟರಾಗಿದ್ದಷ್ಟು ಕಾಲವೂ ಓಡಿ, ನಿವೃತ್ತಿಯ ನಂತರ ಬಳ್ಳಾರಿಯ ನಮ್ಮ ಮನೆಯ ಹಿತ್ತಲಿನಲ್ಲಿ ತಗಡಿನ ಕೆಳಗೆ 14 ವರ್ಷ ನಿಂತಿತ್ತು. ಅದನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದಾಗ ಇದ್ದಂತೆಯೇ ಮಾಡಿ ಪ್ರದರ್ಶನಕ್ಕೆ ನಿಲ್ಲಿಸುವ ಆಸೆ ನನಗಿರಲಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ, ಅದಿರಿನ ಲಾರಿಗಳ ಹಿಂದೆ, ದಿನವೂ ಓಡಿಸಬಲ್ಲ ಗಾಡಿ ನನಗೆ ಬೇಕಿತ್ತು. ಹಾಗಾಗಿ ಏನನ್ನು ಬದಲಿಸಬೇಕು, ಏನನ್ನು ಬಿಡಬೇಕು ಎಂಬುದನ್ನು ಹೆಚ್ಚಾಗಿ ಈ ನೆಲದ ಧೂಳು ಮತ್ತು ಬಿಸಿಲನ್ನು ನೋಡಿಯೇ ನಿರ್ಧರಿಸಿದೆ.

ಮೊದಲ ಪ್ರಯತ್ನದಲ್ಲಿ ನಾನು ಅವಸರಪಟ್ಟೆ. ಕಾರ್ಬ್ಯುರೇಟರ್ ತೊಳೆದು, ಹೊಸ ಪ್ಲಗ್ ಹಾಕಿ, ಪೆಟ್ರೋಲಿಗೆ ಆಯಿಲ್ ಬೆರೆಸಿ ಒದ್ದಾಗ ಗಾಡಿ ಐದನೇ ಒದೆತಕ್ಕೇ ಶುರುವಾಯಿತು. ಆ ಸಂತೋಷದಲ್ಲಿ ಹೊಸಪೇಟೆ ರಸ್ತೆಗೆ ಇಳಿದವನು ಕುಡತಿನಿ ಮುಟ್ಟುವ ಮುಂಚೆಯೇ ಪಿಸ್ಟನ್ ಸಿಲಿಂಡರಿನಲ್ಲಿ ಸಿಕ್ಕಿಕೊಂಡು, ಹಿಂದಿನ ಗಾಲಿ ಬಿಗಿದು ನಿಂತೆ. ಕ್ಲಚ್ ಹಿಡಿಯಲು ಅರೆಕ್ಷಣ ತಡವಾಗಿದ್ದರೆ ಬಿದ್ದೇ ಬಿಡುತ್ತಿದ್ದೆ. ಗಾಡಿಯನ್ನು ಟಂಟಂ ಆಟೋದಲ್ಲಿ ಹಾಕಿಸಿಕೊಂಡು ಕೌಲ್‌ಬಜಾರಿನ ಹಳೆಯ ಮೇಸ್ತ್ರಿಯೊಬ್ಬರ ಬಳಿಗೆ ಒಯ್ದೆ. ಅವರು ಪ್ಲಗ್ ಬಿಚ್ಚಿ, ಅದರ ತುದಿ ಸುಣ್ಣದಂತೆ ಬೆಳ್ಳಗಾಗಿರುವುದನ್ನು ತೋರಿಸಿ, "ಎಲ್ಲೋ ಗಾಳಿ ಎಳೀತೈತಿ. ಮೊದ್ಲು ಆ ಗಾಳಿ ನಿಲ್ಸಪಾ, ಆಮ್ಯಾಲೆ ಗಾಡಿ ಓಡ್ಸುವಂತಿ" ಎಂದರು.

ಈ ಮಾತಿನ ಹಿಂದಿರುವ ಕಾರಣವನ್ನು ಸ್ವಲ್ಪ ವಿವರಿಸಬೇಕು. ಟು-ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಸಿಲಿಂಡರಿಗೆ ಏರುವ ಮೊದಲು ಕ್ರ್ಯಾಂಕ್ ತಿರುಗುವ ಕೋಣೆಯನ್ನು ಹಾದು ಹೋಗುತ್ತದೆ. ಆದ್ದರಿಂದ ಆ ಕೋಣೆಯ ಎರಡೂ ಬದಿಯ ಆಯಿಲ್ ಸೀಲುಗಳು ಗಾಳಿಯಾಡದಷ್ಟು ಬಿಗಿಯಾಗಿರಬೇಕು. ರೋಡ್‌ಕಿಂಗ್‌ನಲ್ಲಿ ಎಡಬದಿಯ ಸೀಲು ಸೋತರೆ ಕ್ಲಚ್ ಕಡೆಯ ಗೇರ್ ಆಯಿಲ್ ಒಳಗೆ ಸೇರಿ ಬಿಳಿ ಹೊಗೆ ದಟ್ಟವಾಗಿ ಬರುವುದರಿಂದ ರೋಗ ಕಣ್ಣಿಗೆ ಕಾಣುತ್ತದೆ. ಬಲಬದಿಯ, ಅಂದರೆ ಡೈನಮೋ ಕಡೆಯ ಸೀಲು ಸೋತರೆ ಬರೀ ಗಾಳಿ ಒಳಹೋಗುತ್ತದೆ. ಹೊಗೆ ಹೆಚ್ಚುವುದಿಲ್ಲ, ಗಾಡಿ ಹಗುರವಾಗಿ ಓಡುತ್ತಿದೆ ಎಂದೇ ಅನ್ನಿಸುತ್ತದೆ. ಆದರೆ ಪೆಟ್ರೋಲಿನ ಜೊತೆಗೇ ಬರಬೇಕಾದ ಆಯಿಲ್ ಕೂಡ ಕಡಿಮೆಯಾಗಿ ಪಿಸ್ಟನ್ ಕಾದು ಹಿಗ್ಗುತ್ತದೆ. ನನ್ನ ಗಾಡಿಗೆ ಆಗಿದ್ದು ಇದೇ.

ಇಂಜಿನ್ ಪೂರ್ತಿ ಬಿಚ್ಚಿದಾಗ ಸೀಲುಗಳ ರಬ್ಬರು ಒಣಗಿದ ಚರ್ಮದಂತೆ ಗಟ್ಟಿಯಾಗಿತ್ತು, ಅವುಗಳ ಸುತ್ತ ಸಂಡೂರಿನ ಕೆಂಪು ಧೂಳು ಆಯಿಲಿನಲ್ಲಿ ಕಲಸಿ ಮೆತ್ತಿಕೊಂಡಿತ್ತು. ಸೀಲು, ಬೇರಿಂಗು, ಕನೆಕ್ಟಿಂಗ್ ರಾಡು ಎಲ್ಲವನ್ನೂ ಹೊಸದಾಗಿ ಹಾಕಿಸಿದೆ. 65 ಮಿ.ಮೀ. ಅಗಲದ ಸಿಲಿಂಡರಿನಲ್ಲಿ ಗೀರುಗಳು ಬಿದ್ದಿದ್ದರಿಂದ ಬೋರ್ ಮಾಡಿಸಿ, ಅಂದರೆ ಒಳಗೋಡೆಯನ್ನು ಕೊರೆಸಿ, 0.50 ಮಿ.ಮೀ. ದೊಡ್ಡ ಪಿಸ್ಟನ್ ಕೂಡಿಸಬೇಕಾಯಿತು. ಜೋಡಿಸಿದ ಮೇಲೆ ಇಂಜಿನ್ನಿನ ಬಾಯಿಗಳನ್ನೆಲ್ಲ ರಬ್ಬರಿನಿಂದ ಮುಚ್ಚಿ, ಒಂದು ಕಡೆಯಿಂದ ಸೈಕಲ್ ಪಂಪಿನಲ್ಲಿ 6 ಪಿಎಸ್‌ಐ ಒತ್ತಡದಷ್ಟು ಮಾತ್ರ ಗಾಳಿ ತುಂಬಿ, ಎಲ್ಲ ಕೂಡುಗೆರೆಗಳಿಗೂ ಸೋಪಿನ ನೀರು ಹಚ್ಚಿದೆವು. ಸಿಲಿಂಡರಿನ ಬುಡದ ಗ್ಯಾಸ್ಕೆಟ್‌ನಲ್ಲಿ ಗುಳ್ಳೆಗಳು ಎದ್ದವು. ಮತ್ತೆ ಬಿಚ್ಚಿ ಸರಿಪಡಿಸಿ, ಒತ್ತಡ ತೋರಿಸುವ ಮೀಟರಿನ ಮುಳ್ಳು ಹತ್ತು ನಿಮಿಷ ಕದಲದೆ ನಿಂತ ಮೇಲೆಯೇ ಮೇಸ್ತ್ರಿಯವರು ಇಂಜಿನ್ನನ್ನು ಚಾಸಿಗೆ ಏರಿಸಲು ಒಪ್ಪಿದರು. ಈ ಪರೀಕ್ಷೆಗೆ ಹಿಡಿದದ್ದು ಅರ್ಧ ದಿನ. ಹಳೆಯ ಟು-ಸ್ಟ್ರೋಕ್ ಗಾಡಿ ಕಟ್ಟುವವರು ಬಣ್ಣಕ್ಕೆ ಹಣ ಕೂಡಿಡುವ ಮೊದಲು ಈ ಕೆಲಸ ಮಾಡಿಕೊಳ್ಳಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಬದಲಾವಣೆಗಳಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಏರ್ ಫಿಲ್ಟರು. ಹಳೆಯ ಡಬ್ಬಿಯನ್ನು ಹಾಗೆಯೇ ಉಳಿಸಿ, ಒಳಗೆ ಆಯಿಲ್ ಹಿಂಡಿದ ಎರಡು ಪದರದ ಫೋಮ್ ಕೂಡಿಸಿದೆ. ವಾರಕ್ಕೊಮ್ಮೆ ತೊಳೆದಾಗ ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಅಷ್ಟೂ ಧೂಳು ಮೊದಲು ಸಿಲಿಂಡರಿಗೇ ಹೋಗುತ್ತಿತ್ತು. ಫಿಲ್ಟರು ಬದಲಾದರೆ ಗಾಳಿಯ ಅಳತೆಯೂ ಬದಲಾಗುವುದರಿಂದ, ಪ್ಲಗ್ಗಿನ ತುದಿ ಮಿಶ್ರಣ ಸರಿಯಿದೆ ಎಂದು ತೋರಿಸುವ ಕಾಫಿಪುಡಿಯ ಬಣ್ಣಕ್ಕೆ ಬರುವವರೆಗೆ ಮೂರು ಬಾರಿ ಮೇನ್ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಬಿಡಿಭಾಗ) ಬದಲಿಸಿ ನೋಡಬೇಕಾಯಿತು. 6 ವೋಲ್ಟಿನ ಡೈನಮೋ ಮತ್ತು ಕಿಡಿ ಹೊತ್ತಿಸುವ ಪಾಯಿಂಟುಗಳನ್ನು ತೆಗೆದು, ಕಿಡಿಯನ್ನು ಎಲೆಕ್ಟ್ರಾನಿಕ್ ಆಗಿ ಹೊತ್ತಿಸುವ 12 ವೋಲ್ಟಿನ ಸಿಡಿಐ ಕಿಟ್ ಹಾಕಿಸಿದೆ. ರಾತ್ರಿ ತೋರಣಗಲ್ಲಿನ ಕಡೆಯಿಂದ ಲಾರಿಗಳ ಸಾಲಿನಲ್ಲಿ ಬರುವಾಗ ಹಳೆಯ ದೀಪ ನಿಜವಾಗಿಯೂ ಅಪಾಯಕಾರಿಯಾಗಿತ್ತು.

ಮುಂದಿನ ಗಾಲಿಗೆ ಡಿಸ್ಕ್ ಬ್ರೇಕ್ ಹಾಕಿಸಲು ಗೆಳೆಯರು ಹೇಳಿದರೂ ನಾನು ಒಪ್ಪಲಿಲ್ಲ. ಡ್ರಮ್ಮನ್ನು ಲೇತಿನಲ್ಲಿ ಹದಗೊಳಿಸಿ ಹೊಸ ಲೈನರ್ ಹಾಕಿಸಿದ್ದೇ ಈ ವೇಗಕ್ಕೆ ಸಾಕಾಯಿತು. ಬಣ್ಣವೂ ಆರ್‌ಸಿಯಲ್ಲಿರುವ ಕಪ್ಪೇ. ನೋಂದಣಿ ವಿವರಕ್ಕೆ ಹೊಂದದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ, ಮೇಲಾಗಿ ಹಳೆಯ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಚಾಸಿಯನ್ನು ಪೌಡರ್ ಕೋಟಿಂಗಿಗೆ ಕೊಡುವ ಮುನ್ನ ಅದರ ನಂಬರಿನ ಮೇಲೆ ನಾನೇ ಟೇಪು ಸುತ್ತಿದ್ದೆ. ಉಜ್ಜುವಾಗ ಅಕ್ಷರ ಅಳಿಸಿದರೆ ನವೀಕರಣದ ವೇಳೆ ಗಾಡಿಯ ಗುರುತು ಸಾಬೀತುಪಡಿಸುವುದೇ ಕಷ್ಟ. ನನ್ನ ಇಷ್ಟಕ್ಕೆಂದೇ ಮಾಡಿಸಿಕೊಂಡದ್ದು ಸೀಟೊಂದನ್ನೇ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಕೊರತೆಯಿಲ್ಲ; ಅವರಲ್ಲೊಬ್ಬರು ಕಪ್ಪು ಕ್ಯಾನ್‌ವಾಸಿನ ಮೇಲೆ ಪ್ಯಾಂಟಿಗೆ ಬಳಸುವ ದಪ್ಪ ಕಿತ್ತಳೆ ದಾರದಲ್ಲಿ ಜೋಡಿ ಹೊಲಿಗೆ ಹಾಕಿಕೊಟ್ಟರು.

ಮೊದಲ 800 ಕಿ.ಮೀ. ದೂರವನ್ನು, ಲೀಟರಿಗೆ 50 ಮಿ.ಲೀ. ಆಯಿಲ್ ಬೆರೆಸಿ, ಗಂಟೆಗೆ 50 ಕಿ.ಮೀ. ಮೀರದಂತೆ ಓಡಿಸಿದೆ. ಅದು ಮುಗಿದ ಮರುದಿನ ಬೆಳಗ್ಗೆ ತಂದೆಯವರೇ ಗೇರಿನ ಕಡ್ಡಿಯನ್ನು ಮೇಲಕ್ಕೆ ತಿರುಗಿಸಿ ಕಿಕ್ ಮಾಡಿಕೊಟ್ಟರು. ಈ ಗಾಡಿಯಲ್ಲಿ ಗೇರಿಗೂ ಕಿಕ್ಕಿಗೂ ಕಡ್ಡಿ ಒಂದೇ. ಅವರನ್ನು ಹಿಂದೆ ಕೂರಿಸಿಕೊಂಡು, ಕುಡತಿನಿಯಲ್ಲಿ ನಿಲ್ಲಿಸದೆ, ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನವರೆಗೆ ಹೋದೆ. ಅಲ್ಲಿ ಇಂಜಿನ್ ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಿದಾಗ ತುದಿ ಕಾಫಿಪುಡಿಯ ಬಣ್ಣದಲ್ಲೇ ಇತ್ತು, ಗೇರ್ ಆಯಿಲ್ ಕೂಡ ಹೊರಟಾಗಿದ್ದ ಮಟ್ಟದಲ್ಲೇ ಇತ್ತು.