ಕಥೆ ಬದಿಗಿರಲಿ, ಮೊದಲು ಕಣ್ಣು ತುಂಬಾ ನೋಡಿ

ಯಕ್ಷಗಾನದ ಆಟದಲ್ಲಿ ವೇಷ ರಂಗಕ್ಕೆ ಬಂದು ಒಡ್ಡೋಲಗ ಕುಣಿಯುವಾಗ ‘ಇದರ ಅರ್ಥ ಏನು?’ ಅಂತ ಯಾರೂ ಕೇಳುವುದಿಲ್ಲ. ಚಂಡೆಯ ಪೆಟ್ಟು, ಕಿರೀಟದ ಹೊಳಪು, ಹೆಜ್ಜೆಯ ತಿರುವು ನೋಡುತ್ತಾ ಕೂರುತ್ತೇವೆ. ಕುಮಟಾ, ಹೊನ್ನಾವರ, ಶಿರಸಿ ಕಡೆಯವರಿಗೆ ಇದು ಚಿಕ್ಕಂದಿನ ಅಭ್ಯಾಸ. ಪ್ರಯೋಗಾತ್ಮಕ ಕಿರುಚಿತ್ರ ಮತ್ತು ಅನಿಮೇಷನ್ ನೋಡುವುದಕ್ಕೆ ಬೇಕಾದದ್ದೂ ಇದೇ ಕಣ್ಣು. ನಮ್ಮ ಹತ್ತಿರ ಅದು ಈಗಾಗಲೇ ಇದೆ. ಇಂಥ ಚಿತ್ರಗಳು ಎಲ್ಲಿ ಸಿಗುತ್ತವೆ ಅನ್ನುವುದಷ್ಟೇ ತಿಳಿಯಬೇಕು.

ಮೊದಲ ಹೆಜ್ಜೆ: ಒಂದೇ ಮನೆಗೆ ಹೋಗಿ

ಎಲ್ಲ ಕಡೆ ಹುಡುಕಬೇಡಿ. ಕೆನಡಾದ ನ್ಯಾಷನಲ್ ಫಿಲಂ ಬೋರ್ಡ್‌ನಿಂದ ಶುರು ಮಾಡಿ. 1939ರಲ್ಲಿ ಹುಟ್ಟಿದ ಸರ್ಕಾರಿ ಸಂಸ್ಥೆ ಅದು. ಅದರ ಜಾಲತಾಣದಲ್ಲಿ ಸಾವಿರಾರು ಚಿತ್ರಗಳನ್ನು ದುಡ್ಡು ಕೊಡದೆ ನೋಡಬಹುದು. ಮೊದಲು ನಾರ್ಮನ್ ಮೆಕ್‌ಲಾರೆನ್ ಅವರ ‘ನೇಬರ್ಸ್’ (1952) ನೋಡಿ. ಸುಮಾರು 8 ನಿಮಿಷ, ಮಾತೇ ಇಲ್ಲ. ಅಕ್ಕಪಕ್ಕದ ಮನೆಯ ಇಬ್ಬರು, ಗಡಿಯಲ್ಲಿ ಅರಳಿದ ಒಂದು ಹೂವು, ಅದಕ್ಕಾಗಿ ಜಗಳ. ಬೇಲಿ ಜಗಳ ಗೊತ್ತಿಲ್ಲದ ಊರು ನಮ್ಮಲ್ಲಿ ಯಾವುದಿದೆ?

ಇದರಲ್ಲಿ ಮನುಷ್ಯರು ನಡೆಯದೆ ಹುಲ್ಲಿನ ಮೇಲೆ ತೇಲಿ ಹೋಗುತ್ತಾರೆ. ನಿಜವಾದ ನಟರನ್ನೇ ಗೊಂಬೆಗಳ ಹಾಗೆ ಒಂದೊಂದು ಫ್ರೇಮ್ (ಒಂದು ಸ್ಥಿರ ಚಿತ್ರ) ಆಗಿ ತೆಗೆದದ್ದರಿಂದ ಹಾಗೆ ಕಾಣುತ್ತದೆ. ಈ ವಿಧಾನಕ್ಕೆ ಪಿಕ್ಸಿಲೇಷನ್ ಎನ್ನುತ್ತಾರೆ. ಶಬ್ದವನ್ನೂ ಮೆಕ್‌ಲಾರೆನ್ ರೀಲಿನ ಅಂಚಿನ ಧ್ವನಿಪಟ್ಟಿಯ ಮೇಲೆ ನೇರವಾಗಿ ಮೂಡಿಸಿದರು. ಕೊನೆಯ ಹೊಡೆದಾಟ ಮಾತ್ರ ಕ್ರೂರವಾಗಿದೆ. ಚಿಕ್ಕ ಮಕ್ಕಳಿಗೆ ತೋರಿಸಬೇಡಿ.

ಎರಡನೆಯದು: ವಿಧಾನದ ಹೆಸರು ಹಿಡಿದು ಹುಡುಕಿ

ಇಡೀ ಲೇಖನದಲ್ಲಿ ಜಾಸ್ತಿ ಉಪಯೋಗಕ್ಕೆ ಬರುವ ಮಾತು ಇದೇ. ‘ಒಳ್ಳೆಯ ಕಿರುಚಿತ್ರ’ ಅಂತ ಹುಡುಕಿದರೆ ಕಸವೇ ಜಾಸ್ತಿ ಸಿಗುತ್ತದೆ. ‘ಪೇಂಟ್ ಆನ್ ಗ್ಲಾಸ್’, ‘ಸ್ಯಾಂಡ್ ಅನಿಮೇಷನ್’, ‘ಕಟ್ ಔಟ್’ (ಕತ್ತರಿಸಿದ ಕಾಗದದ ತುಂಡುಗಳನ್ನು ಸರಿಸಿ ಮಾಡುವುದು), ‘ಪಿನ್ ಸ್ಕ್ರೀನ್’ (ಸಾವಿರಾರು ಪಿನ್ನುಗಳ ನೆರಳಿನಲ್ಲಿ ಚಿತ್ರ ಮೂಡಿಸುವುದು) ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ನೋಡಿ, ಬೇರೆ ಲೋಕವೇ ತೆರೆಯುತ್ತದೆ.

ಒಂದು ದಾರಿ ಹೇಳುತ್ತೇನೆ. ರಷ್ಯಾದ ಅಲೆಕ್ಸಾಂಡರ್ ಪೆಟ್ರೋವ್ ಗಾಜಿನ ಮೇಲೆ ತೈಲವರ್ಣವನ್ನು ಬೆರಳಲ್ಲೇ ಬಳಿದು ಸಮುದ್ರ ಮಾಡುತ್ತಾರೆ. ಅವರ ‘ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ’ (1999) ನೋಡಿದ ಮೇಲೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಸಂಜೆ ನಿಂತು ನೋಡಿ. ನೀರಿನ ಮೇಲೆ ಬೆಳಕು ಜಾರುವ ರೀತಿ ನನಗಂತೂ ಬೇರೆಯೇ ಕಂಡಿತು. ಅದೇ ವಿಧಾನ ಹಿಡಿದು ಹೊರಟರೆ ಕೆರೊಲಿನ್ ಲೀಫ್ ಅವರ ‘ದಿ ಸ್ಟ್ರೀಟ್’ (1976) ಸಿಗುತ್ತದೆ. ಅವರ ಹೆಸರು ಹಿಡಿದರೆ ಮರಳಿನಲ್ಲಿ ಮಾಡಿದ ಚಿತ್ರಗಳು. ಹೀಗೆ ಒಂದು ಇನ್ನೊಂದರ ಕೈಹಿಡಿಸುತ್ತದೆ. ಒಂದು ಹಳೆ ನೋಟ್‌ಬುಕ್ಕಿನಲ್ಲಿ ಚಿತ್ರದ ಹೆಸರು, ಮಾಡಿದವರು, ವರ್ಷ, ವಿಧಾನ ಬರೆದಿಡಿ. ಚಿತ್ರ ಮುಗಿದ ಮೇಲೆ ಬರುವ ಹೆಸರುಗಳನ್ನು ಓಡಿಸಬೇಡಿ, ಮುಂದಿನ ದಾರಿ ಅಲ್ಲೇ ಇರುತ್ತದೆ.

ಮೂರನೆಯದು: ನಮ್ಮವರನ್ನು ಮರೆಯಬೇಡಿ

1948ರಲ್ಲಿ ಮುಂಬೈಯಲ್ಲಿ ಶುರುವಾದ ಫಿಲಂಸ್ ಡಿವಿಜನ್ ಅಂದರೆ ಸಿನಿಮಾಕ್ಕೆ ಮೊದಲು ಬರುತ್ತಿದ್ದ ಸಾಕ್ಷ್ಯಚಿತ್ರ ಅಂತ ಹಿರಿಯರಿಗೆ ನೆನಪು. ಅಲ್ಲೇ ಕೂತು ಪ್ರಮೋದ್ ಪತಿ ‘ಎಕ್ಸ್‌ಪ್ಲೋರರ್’ (1968) ಮಾಡಿದರು. ಮಾತಿಲ್ಲದೆ, ಕಣ್ಣು ಮಿಟುಕಿಸುವಷ್ಟರಲ್ಲಿ ದೃಶ್ಯ ಬದಲಾಗುವ ಚಿತ್ರ. ಸರ್ಕಾರಿ ಕಚೇರಿಯೊಳಗೆ ಇಂಥ ಧೈರ್ಯ ಇತ್ತು ಅನ್ನುವುದೇ ನನಗೆ ಹೆಮ್ಮೆ. ಗೀತಾಂಜಲಿ ರಾವ್ ಅವರ ‘ಪ್ರಿಂಟೆಡ್ ರೇನ್‌ಬೋ’ (2006) ಕೂಡ ನೋಡಲೇಬೇಕು. ಬೆಂಕಿಪೊಟ್ಟಣದ ಚಿತ್ರಗಳೊಳಗೆ ಹೋಗಿಬಿಡುವ ಒಬ್ಬ ಅಜ್ಜಿ, ಜೊತೆಗೆ ಅವಳ ಬೆಕ್ಕು.

ಹೊಸದು ಬೇಕಾದವರು ಫ್ರಾನ್ಸಿನ ಆನೆಸಿ ಅನಿಮೇಷನ್ ಉತ್ಸವದ ಪ್ರಶಸ್ತಿ ಪಟ್ಟಿ ನೋಡಿ. 1960ರಿಂದ ನಡೆಯುತ್ತಿದೆ.

ನಾಲ್ಕನೆಯದು: ನೋಡುವ ರೀತಿ

ದೀಪ ಆರಿಸಿ. ಇಯರ್‌ಫೋನ್ ಹಾಕಿ, ಹೆಂಚಿನ ಮೇಲೆ ಮಳೆ ಬೀಳುತ್ತಿದ್ದರೆ ಮೊಬೈಲಿನ ಸದ್ದು ಕೇಳುವುದಿಲ್ಲ, ಅಲ್ವಾ? ಘಟ್ಟದ ಮೇಲಿನವರು ಕರೆಂಟು, ನೆಟ್‌ವರ್ಕ್ ಇರುವಾಗಲೇ ಆಫ್‌ಲೈನ್‌ಗೆ ಉಳಿಸಿಕೊಳ್ಳಿ. ಒಮ್ಮೆ ಶಬ್ದದ ಜೊತೆ, ಇನ್ನೊಮ್ಮೆ ಶಬ್ದ ತೆಗೆದು ನೋಡಿ. ಎರಡನೇ ಸಲ ಬಣ್ಣ, ಲಯ, ಕೈಕೆಲಸ ಎದ್ದು ಕಾಣುತ್ತವೆ. ಸೆಕೆಂಡಿಗೆ 24 ಫ್ರೇಮ್. 10 ನಿಮಿಷಕ್ಕೆ 14,400. ಯಾವುದಾದರೂ ಒಂದು ಕಡೆ ನಿಲ್ಲಿಸಿ, ಆ ಒಂದೇ ಚಿತ್ರವನ್ನು ಸುಮ್ನೆ ನೋಡುತ್ತಾ ಕೂರಿ.

ಕೊನೆಗೆ: ಜಗಲಿಗೆ ತನ್ನಿ

ಒಬ್ಬರೇ ನೋಡಿದರೆ ಅರ್ಧ ಸುಖ. ಒಂದು ಬಿಳಿ ಪಂಚೆ, ಎರವಲು ಪ್ರೊಜೆಕ್ಟರ್ ಸಾಕು. ಒಟ್ಟು ಅರ್ಧ ಗಂಟೆ ಮೀರಬೇಡಿ. ನಾವು ಕಳೆದ ಮಳೆಗಾಲದಲ್ಲಿ ಯೂರಿ ನಾರ್ಸ್ಟೈನ್ ಅವರ ‘ಹೆಜ್‌ಹಾಗ್ ಇನ್ ದಿ ಫಾಗ್’ (1975) ಹಾಕಿದ್ದೆವು. ಮಂಜಿನಲ್ಲಿ ಒಂದು ಬಿಳಿ ಕುದುರೆ ಕಂಡು ಅತ್ತ ಹೋದ ಪುಟ್ಟ ಮುಳ್ಳುಹಂದಿ ದಾರಿ ತಪ್ಪುತ್ತದೆ. ತೆಳು ಕಾಗದವನ್ನು ಚಿತ್ರದ ಮೇಲಿಟ್ಟು, ಫ್ರೇಮಿಗೆ ಸ್ವಲ್ಪ ಸ್ವಲ್ಪವಾಗಿ ಕ್ಯಾಮೆರಾದತ್ತ ಎತ್ತುತ್ತಾ ಆ ಮಂಜು ಮಾಡಿದ್ದಾರೆ. ದೇವಿಮನೆ ಘಟ್ಟದಲ್ಲಿ ಮಂಜು ಕವಿದದ್ದು ಕಂಡವರಿಗೆ ಅದು ಎಷ್ಟು ನಿಜ ಅಂತ ತಿಳಿಯುತ್ತದೆ.

ಮುಗಿದ ಮೇಲೆ ‘ಅರ್ಥ ಆಯ್ತಾ?’ ಅಂತ ಕೇಳಬೇಡಿ. ‘ಏನು ಕಣ್ಣಲ್ಲಿ ಉಳಿಯಿತು?’ ಅಂತ ಕೇಳಿ. ಅವತ್ತು ನಾನು ಹಾಗೆ ಕೇಳಿದಾಗ ಪಕ್ಕದ ಮನೆಯ ಅಜ್ಜಿ ಸ್ವಲ್ಪ ಹೊತ್ತು ಪಂಚೆಯನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು: ‘ಆ ಬಿಳಿ ಕುದುರೆ ಎಲ್ಲಿ ಹೋಯ್ತು?’