ಬಡತನದ ದರ ನೋಡಿ ಮನೆ ಹಿಡಿಯುವ ಮುನ್ನ

ಅಮೆರಿಕದ ಷಾರ್ಲಟ್ಸ್‌ವಿಲ್‌ಗೆ ಕೆಲಸದ ಮೇಲೆ ಬಂದಾಗ ನಾನು ಮೊದಲು ಮಾಡಿದ್ದು, ಜನಗಣತಿ ಇಲಾಖೆಯ ಅಂಕಿಗಳನ್ನು ಮುಂದಿಟ್ಟುಕೊಂಡು ಬಡತನದ ದರ ಕಡಿಮೆಯಿರುವ ಜಾಗವನ್ನು ಹುಡುಕಿದ್ದು. ನಗರದ ದರ ಹೆಚ್ಚು, ಅದನ್ನು ಸುತ್ತುವರಿದ ಆಲ್ಬೆಮಾರ್ಲ್ ಕೌಂಟಿಯದು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಕಡಿಮೆ ಎಂದು ಕಂಡದ್ದೇ ತಡ, ಕೌಂಟಿಯ ಅಂಚಿನಲ್ಲಿ ಮನೆ ಹಿಡಿದೆ. ಬಾಡಿಗೆ ಕರಾರು, ವಿದ್ಯುತ್, ಶಾಲೆಯ ನೋಂದಣಿ ಎಲ್ಲವೂ ಒಂದು ವಾರದಲ್ಲಿ ಮುಗಿದವು; ನಾನು ಮಾಡಿದ ತಪ್ಪು ನನಗೆ ತಿಳಿಯಲು ಮಾತ್ರ ಎರಡು ವರ್ಷ ಹಿಡಿಯಿತು.

ಅದು ವರ್ಜೀನಿಯಾ ವಿಶ್ವವಿದ್ಯಾಲಯದ ಊರು. ಹಾಸ್ಟೆಲಿನ ವಿದ್ಯಾರ್ಥಿಗಳನ್ನು ಬಡತನದ ಲೆಕ್ಕದಿಂದ ಹೊರಗಿಡುತ್ತಾರೆ. ಆದರೆ ಹೊರಗೆ ಬಾಡಿಗೆ ಕೋಣೆಗಳಲ್ಲಿರುವವರು, ಅವರ ಸಂಪಾದನೆ ಅಲ್ಪವಾದ್ದರಿಂದ, ಬಡವರ ಸಾಲಿಗೆ ಸೇರಿಬಿಡುತ್ತಾರೆ. ವರ್ಜೀನಿಯಾದಲ್ಲಿ ನಗರಗಳು ಕೌಂಟಿಗೆ ಸೇರದ ಸ್ವತಂತ್ರ ಘಟಕಗಳಾದ್ದರಿಂದ, ಆ ಹೊರೆಯ ಬಹುಪಾಲು ನಗರದ ಅಂಕಿಯಲ್ಲೇ ಉಳಿಯುತ್ತದೆ. ನಾನು ಹೆದರಿ ದೂರವಿಟ್ಟ ಬಡತನದಲ್ಲಿ ಒಂದು ಪಾಲು ಓದುವ ಹುಡುಗರದ್ದು!

ಇನ್ನೊಂದು ಮಾತು: 2023ರಲ್ಲಿ ಇಬ್ಬರು ಮಕ್ಕಳಿರುವ ನಾಲ್ವರ ಕುಟುಂಬಕ್ಕೆ ಬಡತನದ ಗೆರೆ ವರ್ಷಕ್ಕೆ 30,900 ಡಾಲರ್ ಆಗಿತ್ತು, ಮತ್ತು ಆ ಗೆರೆ ನ್ಯೂಯಾರ್ಕಿಗೂ ಮಿಸಿಸಿಪ್ಪಿಗೂ ಒಂದೇ. ಬಾಡಿಗೆಯ ವ್ಯತ್ಯಾಸವನ್ನು ಗಣಿಸುವ ಪೂರಕ ಅಳತೆಯನ್ನು 2011ರಿಂದ ಪ್ರತ್ಯೇಕವಾಗಿ ಪ್ರಕಟಿಸುತ್ತಾರೆ. ಸುಮಾರು ನಾಲ್ಕು ಸಾವಿರ ಜನರಿರುವ ಗಣತಿ ಪ್ರದೇಶಗಳನ್ನು ಹೋಲಿಸುವಾಗ, ನಾನು ಕಣ್ಣೆತ್ತಿಯೂ ನೋಡದ ದೋಷಮಿತಿಯ (ಅಂಕಿ ಎಷ್ಟು ಹೆಚ್ಚುಕಡಿಮೆ ಇರಬಹುದು ಎಂಬುದರ) ಅಂಕಣವನ್ನು ನೀವು ತಪ್ಪದೆ ನೋಡಿ. ಅದು ದೊಡ್ಡದಿದ್ದರೆ ಎರಡು ಜಾಗಗಳ ಅಂತರಕ್ಕೆ ಅರ್ಥವಿರುವುದಿಲ್ಲ.

ನಮ್ಮ ಬಡಾವಣೆಯಲ್ಲಿ ಬಡವರಿರಲಿಲ್ಲ, ನಿಜ. ಅವರಿಗೆ ಎಟುಕುವ ಒಂದು ಮನೆಯೂ ಅಲ್ಲಿರಲಿಲ್ಲ. ಕಾಲುದಾರಿಯಾಗಲಿ ಬಸ್ಸಾಗಲಿ ಇರದ ಕಾರಣ, ದಾವಣಗೆರೆಯಿಂದ ಬಂದ ನನ್ನ ತಾಯಿ ಒಂದು ಕಟ್ಟು ಕೊತ್ತಂಬರಿಗೂ ನನ್ನ ಕಾರನ್ನೇ ಕಾಯಬೇಕಾಯಿತು. ಮೂರನೆಯ ತಿಂಗಳಿಗೆ ಅವರು ಊರಿನ ಟಿಕೆಟ್ ಕೇಳಿದರು.

ಮರುವರ್ಷ ದಾವಣಗೆರೆಗೆ ಹೋದಾಗ, ನಿವೃತ್ತ ಮೇಷ್ಟರು, ಆಟೋ ಓಡಿಸುವವರು, ಮಂಡಕ್ಕಿ ಮಾರುವವರು ಒಂದೇ ಸಾಲಿನಲ್ಲಿ ಬಾಳುವ ನಮ್ಮ ಬೀದಿಯಲ್ಲಿ ನಿಂತು ಮಗಳು ಕೇಳಿದಳು: "ಅಪ್ಪಾ, ಇಷ್ಟೆಲ್ಲ ಮನೆಯವರ ಹೆಸರು ನಿಮಗೆ ಹೇಗೆ ಗೊತ್ತು?" ಅವಳಿಗೆ ಎದುರು ಮನೆಯವರ ಹೆಸರೂ ಗೊತ್ತಿರಲಿಲ್ಲ.